ಹಸೆಮಣೆಯ ಮುಂದೆ ಕೂರುವ ಹಕ್ಕು: ಕನ್ನಡ ನಾಡಿನಲ್ಲಿ ಮದುವೆಯ ಪೌರೋಹಿತ್ಯ

ಮದುವೆ ನಿಶ್ಚಯವಾದೊಡನೆ ಛತ್ರ, ಅಡುಗೆಯವರು, ವಾಲಗದವರನ್ನು ಗೊತ್ತುಮಾಡುವಂತೆಯೇ ಪುರೋಹಿತರನ್ನೂ ಗೊತ್ತುಮಾಡಿಕೊಳ್ಳುವುದು ಇಂದಿನ ಕನ್ನಡ ಮನೆಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಈ ಆಯ್ಕೆಗೂ ಒಂದು ಚರಿತ್ರೆಯಿದೆ ಎಂಬುದು ಸುಲಭವಾಗಿ ಹೊಳೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ನಾಡಿನ ಹೆಚ್ಚಿನ ಹಳ್ಳಿಗಳಲ್ಲಿ ಯಾವ ಮನೆಯ ಮದುವೆಯನ್ನು ಯಾರು ನಡೆಸಿಕೊಡಬೇಕು, ಅದಕ್ಕೆ ಅವರಿಗೆ ಸಲ್ಲಬೇಕಾದದ್ದೇನು ಎಂಬುದು ಹೊಲದ ಗಡಿಯಂತೆ ಮೊದಲೇ ಗೊತ್ತಾಗಿದ್ದು, ಮನೆಯವರಿಗೆ ಮುಹೂರ್ತದ ದಿನವನ್ನು ಕೇಳುವ ಸ್ವಾತಂತ್ರ್ಯವಿತ್ತೇ ಹೊರತು ಅದನ್ನು ಹೇಳುವವರನ್ನು ಬದಲಿಸುವ ಸ್ವಾತಂತ್ರ್ಯ ಇರಲಿಲ್ಲವೆನ್ನಬೇಕು. ಪೌರೋಹಿತ್ಯವೆಂಬುದು ಆಗ ಕರೆದಾಗ ಬಂದು ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ತಂದೆಯಿಂದ ಮಗನಿಗೆ ಬರುವ, ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವ, ಅಗತ್ಯಬಿದ್ದರೆ ಅಡವಿಡಬಹುದಾದ ಆಸ್ತಿಯಾಗಿತ್ತು.

ಈ ವ್ಯವಸ್ಥೆಗೆ ಶಾಸ್ತ್ರಗ್ರಂಥಗಳ ಬೆಂಬಲವಿತ್ತೆಂದು ಊಹಿಸುವುದು ಸಹಜ. ಆದರೆ ಗ್ರಂಥಗಳನ್ನು ನೋಡಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಕನ್ನಡ ನಾಡಿನ ಋಗ್ವೇದಿಗಳು ಅನುಸರಿಸುವ ಆಶ್ವಲಾಯನ ಗೃಹ್ಯಸೂತ್ರದಲ್ಲಾಗಲಿ, ಯಜುರ್ವೇದಿಗಳಲ್ಲಿ ಬಳಕೆಯಲ್ಲಿರುವ ಆಪಸ್ತಂಬ, ಬೋಧಾಯನ ಗೃಹ್ಯಸೂತ್ರಗಳಲ್ಲಾಗಲಿ—ಗೃಹ್ಯಸೂತ್ರಗಳೆಂದರೆ ಮನೆಯಲ್ಲಿ ನಡೆಯುವ ಸಂಸ್ಕಾರಗಳ ಕ್ರಮವನ್ನು ಹೇಳುವ ಸೂತ್ರಗ್ರಂಥಗಳು—ಮದುವೆಯ ಮುಖ್ಯ ಕರ್ಮಗಳ ಕರ್ತೃ ವರನೇ ಆಗಿದ್ದಾನೆ. ವಧುವಿನ ಕೈಹಿಡಿಯುವವನು, ಅಗ್ನಿಗೆ ಆಹುತಿ ಕೊಡುವವನು, ಅವಳನ್ನು ಕಲ್ಲಿನ ಮೇಲೆ ಹೆಜ್ಜೆಯಿಡಿಸುವವನು, ಏಳು ಹೆಜ್ಜೆ ನಡೆಸುವವನು ಅವನೇ; ಆಯಾ ಹೊತ್ತಿನ ಮಂತ್ರವನ್ನು ಹೇಳಬೇಕಾದವನೂ ಅವನೇ. ಕನ್ಯಾದಾನ ತಂದೆಯದು, ಲಾಜಹೋಮದಲ್ಲಿ ಅರಳನ್ನು ವಧುವಿನ ಬೊಗಸೆಗೆ ಸುರಿಯುವುದು ಅವಳ ಸಹೋದರನದು. ವರನಿಗೆ ಮಂತ್ರ ಬಾರದೆ ಹೋದಾಗ ಹೇಳಿಕೊಡುವವನಾಗಿ ಪಕ್ಕದಲ್ಲಿ ಕುಳಿತ ಪುರೋಹಿತನು ಕಾಲಕ್ರಮದಲ್ಲಿ ಮದುವೆಯನ್ನು ಮಾಡಿಸುವವನಾಗಿ ಕಾಣತೊಡಗಿದ್ದು ನಂತರದ ಬೆಳವಣಿಗೆ. ಇದಕ್ಕಿಂತಲೂ ಗಮನಾರ್ಹವಾದದ್ದು, ಮದುವೆಯ ವಿಷಯದಲ್ಲಿ ದೇಶಾಚಾರ ಗ್ರಾಮಾಚಾರಗಳು ಬಗೆಬಗೆಯಾಗಿರುವುದರಿಂದ ಅವುಗಳನ್ನೂ ಪಾಲಿಸಬೇಕೆಂದು ಆಶ್ವಲಾಯನನು ಹೇಳುವುದು ಮತ್ತು ರೂಢಿಯ ಕ್ರಮಗಳನ್ನು ಹೆಂಗಸರಿಂದ ಕೇಳಿ ತಿಳಿಯಬೇಕೆಂದು ಆಪಸ್ತಂಬನು ಒಪ್ಪಿಕೊಳ್ಳುವುದು. ಹಳದಿ ಹಚ್ಚುವ, ಹಸೆ ಬರೆಯುವ, ಸೋಬಾನೆ ಹಾಡುವ ಮುತ್ತೈದೆಯರ ಅಧಿಕಾರವನ್ನು ಸೂತ್ರಕಾರರೇ ಮಾನ್ಯಮಾಡಿದ್ದರೂ ಮುಂದಿನ ಪ್ರಯೋಗಗ್ರಂಥಗಳು, ಅಂದರೆ ವಿಧಿ ನಡೆಸುವ ಕೈಪಿಡಿಗಳು, ಆ ಮಾತನ್ನು ಅಷ್ಟಾಗಿ ಹಿಗ್ಗಿಸಲಿಲ್ಲ.

ಹಾಗಿದ್ದರೆ ಊರಿನ ಪುರೋಹಿತನ ಬಲ ಬಂದದ್ದು ಎಲ್ಲಿಂದ? ಅದರ ಒಂದು ಮೂಲ ಪಂಚಾಂಗ, ಇನ್ನೊಂದು ಕಣದ ಧಾನ್ಯ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳ ಲೆಕ್ಕವನ್ನು ಓಲೆಯಲ್ಲೋ ಕಡತದಲ್ಲೋ ಬರೆದಿಟ್ಟುಕೊಂಡು ಬಿತ್ತನೆಗೂ ಮದುವೆಗೂ ದಿನ ಹೇಳುವ ಜೋಯಿಸನು ಗೌಡ, ಶಾನುಭೋಗ, ತಳವಾರ, ನೀರುಗಂಟಿ, ಬಡಗಿ, ಕಮ್ಮಾರ, ಅಗಸ ಮೊದಲಾದವರ ಸಾಲಿನಲ್ಲಿ ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಒಬ್ಬನಾಗಿದ್ದನು. ಆಯಗಾರರೆಂದರೆ ಊರಿಗೆ ಮಾಡುವ ಸೇವೆಗೆ ಪ್ರತಿಯಾಗಿ ಸುಗ್ಗಿಯ ಕಾಲದಲ್ಲಿ ಪ್ರತಿ ಕಣದಿಂದಲೂ ಗೊತ್ತಾದ ಪಾಲು ಪಡೆಯುವವರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸತೊಡಗಿದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ಹನ್ನೆರಡು ಮಂದಿಯ ಕೂಟವನ್ನೇ ಹಳ್ಳಿಯೆಂಬ ಪುಟ್ಟ ಗಣರಾಜ್ಯದ ಆಡಳಿತವೆಂಬಂತೆ ವರ್ಣಿಸಿದ್ದಾನೆ. ವರ್ಣನೆಯಲ್ಲಿ ಉತ್ಪ್ರೇಕ್ಷೆಯಿದೆ. ಆದರೂ ಜೋಯಿಸನ ಸ್ಥಾನ ಗೌಡನ ಸ್ಥಾನದಂತೆಯೇ ಊರಿಗೆ ಅಂಟಿಕೊಂಡದ್ದೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಆಯದ ಧಾನ್ಯದ ಜೊತೆಗೆ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ದಕ್ಷಿಣೆ, ಅಕ್ಕಿ, ತೆಂಗಿನಕಾಯಿ, ವೀಳ್ಯಗಳೂ ಅವನಿಗೆ ಸಲ್ಲುತ್ತಿದ್ದವು. ವೀಳ್ಯವನ್ನು ಯಾರಿಗೆ ಮೊದಲು ಕೊಡಬೇಕೆಂಬ ಜಗಳದಲ್ಲಿ ಮುಹೂರ್ತ ಮೀರಿದ ಮದುವೆಗಳೂ ಕಡಮೆಯಿರಲಾರವು.

ಶ್ರೀರಂಗಪಟ್ಟಣ ಪತನವಾದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಣತಿಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತಾನು ಕಂಡ ಒಂದೊಂದು ಜಾತಿಯ ಬಗೆಗೂ ಕೇಳಿ ಬರೆದುಕೊಂಡ ಸಂಗತಿಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ: ಅವರ ಗುರು ಯಾರು, ಅವರ ಪುರೋಹಿತನು ಯಾರು. ಈ ಎರಡೂ ಒಂದಲ್ಲವೆಂಬುದನ್ನು ಅವನು ಸರಿಯಾಗಿಯೇ ಗ್ರಹಿಸಿದ್ದನು. ಗುರು ದೂರದ ಮಠದವನು. ವರ್ಷಕ್ಕೋ ಎರಡು ವರ್ಷಕ್ಕೋ ಬಂದು ಉಪದೇಶ, ಮುದ್ರೆ, ವಿಭೂತಿಗಳನ್ನು ಕೊಟ್ಟು ಕಾಣಿಕೆ ಪಡೆದು ಹೋಗುವವನು, ಜಾತಿಯಿಂದ ಹೊರಗಿಡುವ ಮತ್ತು ಮರಳಿ ಸೇರಿಸಿಕೊಳ್ಳುವ ಅಧಿಕಾರವುಳ್ಳವನು. ಪುರೋಹಿತನಾದರೋ ಊರಿನವನು, ಅನೇಕ ಒಕ್ಕಲು ಜಾತಿಗಳಲ್ಲಿ ಪಂಚಾಂಗದ ಬ್ರಾಹ್ಮಣನೇ. ಅವನು ದ್ವಿಜರಲ್ಲದವರ ಮನೆಯಲ್ಲಿ ವೇದಮಂತ್ರ ಹೇಳುವುದನ್ನು ಧರ್ಮಶಾಸ್ತ್ರ ನಿಷೇಧಿಸಿದ್ದರಿಂದ ಪುರಾಣಗಳಿಂದ ಆಯ್ದ ಶ್ಲೋಕಗಳಲ್ಲಿ ವಿಧಿ ನಡೆಸುತ್ತಿದ್ದನು. ಮೊದಲನೆಯದನ್ನು ವೇದೋಕ್ತವೆಂದೂ ಎರಡನೆಯದನ್ನು ಪುರಾಣೋಕ್ತವೆಂದೂ ಕರೆಯುವ ರೂಢಿಯಿದ್ದು, ಹದಿನೇಳನೆಯ ಶತಮಾನದ ಕಮಲಾಕರಭಟ್ಟನು ಶೂದ್ರಕಮಲಾಕರವೆಂಬ ಇಡೀ ಗ್ರಂಥವನ್ನೇ ಈ ಎರಡನೆಯ ಬಗೆಯ ಕರ್ಮಗಳಿಗೆ ಮೀಸಲಿಟ್ಟಿದ್ದಾನೆ. ಅಸ್ಪೃಶ್ಯರೆನಿಸಿದವರ ಕೇರಿಗೆ ಪಂಚಾಂಗದವನು ಕಾಲಿಡುತ್ತಲೇ ಇರಲಿಲ್ಲ. ದೂರದಲ್ಲಿ ನಿಂತು ದಿನ ಹೇಳಿ ಕಾಣಿಕೆ ಪಡೆಯುವುದಕ್ಕೆ ಮಾತ್ರ ಅವನಿಗೆ ಅಡ್ಡಿಯಿರಲಿಲ್ಲ, ಮದುವೆಯನ್ನು ಕೇರಿಯ ಯಜಮಾನರೂ ಕುಲದ ದಾಸಯ್ಯನೂ ಸೇರಿ ನಡೆಸುತ್ತಿದ್ದರು.

ಬ್ರಿಟಿಷರ ನ್ಯಾಯಾಲಯಗಳು ಬಂದಮೇಲೆ ಈ ಹಕ್ಕು ಸಡಿಲವಾಗಬಹುದಿತ್ತು. ಮುಂಬಯಿ ಪ್ರಾಂತದಲ್ಲಿ, ಎಂದರೆ ಧಾರವಾಡ, ಬೆಳಗಾವಿ, ಬಿಜಾಪುರಗಳೂ ಸೇರಿದ್ದ ಸೀಮೆಯಲ್ಲಿ, ಆದದ್ದು ಅದಕ್ಕೆ ವಿರುದ್ಧ. ಅಲ್ಲಿ ಗ್ರಾಮಜೋಶಿತನವು, ಎಂದರೆ ಊರ ಜೋಯಿಸನ ಕೆಲಸವು, ವತನವಾಗಿತ್ತು, ಅರ್ಥಾತ್ ಸರಕಾರ ಮಾನ್ಯಮಾಡಿದ ವಂಶಪಾರಂಪರ್ಯದ ಹುದ್ದೆಯಾಗಿತ್ತು. ಯಾವ ಮನೆಯವರಾದರೂ ಊರ ಜೋಶಿಯನ್ನು ಬಿಟ್ಟು ಬೇರೊಬ್ಬ ಭಟ್ಟರಿಂದ ಮದುವೆ ಮಾಡಿಸಿದರೆ ಜೋಶಿಯು ತನಗೆ ತಪ್ಪಿದ ದಕ್ಷಿಣೆಗಾಗಿ ದಾವೆ ಹೂಡುತ್ತಿದ್ದನು, ಗೆಲ್ಲುತ್ತಲೂ ಇದ್ದನು. 1860 ಮತ್ತು 1870ರ ದಶಕಗಳಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಬಂದ ಇಂಥ ಮೊಕದ್ದಮೆಗಳಲ್ಲಿ ಪೌರೋಹಿತ್ಯದ ಹಕ್ಕು ಸ್ಥಿರಾಸ್ತಿಗೆ ಸಮಾನವೆಂಬ ನಿಲುವು ಮೂಡಿತು. ಅದಕ್ಕೆ ಆಧಾರವಾಗಿ ಎತ್ತಿದ್ದು ನಿಬಂಧವೆಂಬ ಹಳೆಯ ಧರ್ಮಶಾಸ್ತ್ರದ ಕಲ್ಪನೆಯನ್ನು. ನಿಬಂಧವೆಂದರೆ ಕಾಲಕಾಲಕ್ಕೆ ನಿಯತವಾಗಿ ಬರಬೇಕಾದ ಆದಾಯ. ಇಷ್ಟು ಎಲೆಯ ಹೊರೆಗೆ ಇಷ್ಟು ಎಲೆ, ಇಷ್ಟು ಅಡಕೆಯ ಹೊರೆಗೆ ಇಷ್ಟು ಅಡಕೆ ಎಂಬ ಉದಾಹರಣೆಯೊಡನೆ ಅದನ್ನು ವಿವರಿಸಿದವನು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರ. ಎಲೆ ಅಡಕೆ ವ್ಯಾಪಾರದ ಸುಂಕವನ್ನು ಕುರಿತ ಕನ್ನಡ ನೆಲದ ಆ ಮಾತು ಏಳು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಮದುವೆಯ ಭಟ್ಟರ ದಕ್ಷಿಣೆಯನ್ನು ಕಾಪಾಡಲು ಒದಗಿತು.

ಬ್ರಾಹ್ಮಣ ಪುರೋಹಿತನ ಪ್ರವೇಶವೇ ಇಲ್ಲದ, ಅಥವಾ ಇದ್ದರೂ ಅಂಚಿನಲ್ಲಿದ್ದ ಮದುವೆಗಳು ನಾಡಿನಲ್ಲಿ ಕಡಮೆಯಿರಲಿಲ್ಲ. ಕೊಡವರ ಮದುವೆಯಲ್ಲಿ ಇಂದಿಗೂ ಮಂತ್ರ ಹೇಳುವವರಿಲ್ಲ. ತೂಗುದೀಪದ ಮುಂದೆ ಕುಳಿತ ವಧುವರರನ್ನು ತಾಯಿಯಿಂದ ಮೊದಲ್ಗೊಂಡು ಹಿರಿಯರೆಲ್ಲರೂ ಅಕ್ಕಿಯೆರಚಿ, ಹಾಲು ಕುಡಿಸಿ, ನಾಣ್ಯ ಕೊಟ್ಟು ಹರಸುತ್ತಾರೆ. ಅಲ್ಲಿ ಮುಖ್ಯನಾದವನು ಅರುವ, ಅಂದರೆ ಒಂದು ಒಕ್ಕದ ಪರವಾಗಿ ಮಾತನಾಡುವ, ತಲೆಮಾರುಗಳಿಂದ ಆ ಒಕ್ಕದೊಡನೆ ನಂಟಿರುವ ಇನ್ನೊಂದು ಒಕ್ಕದ ಹಿರಿಯ. ಒಕ್ಕವೆಂದರೆ ಒಂದೇ ಮೂಲಪುರುಷನಿಂದ ಬಂದ ಕುಟುಂಬಗಳ ಕೂಟ. ಎರಡು ಕಡೆಯ ಅರುವರು ಎದುರುಬದುರಾಗಿ ನಿಂತು, ಹೆಣ್ಣಿಗೆ ಗಂಡನ ಒಕ್ಕದ ಮನೆ, ಹೊಲ, ತೋಟ, ದನಕರುಗಳಲ್ಲಿ ಇರುವ ಹಕ್ಕನ್ನು ಪ್ರಶ್ನೋತ್ತರ ರೂಪದಲ್ಲಿ ಹೇಳಿ, ಅದರ ಗುರುತಾಗಿ ಸಣ್ಣ ಕಲ್ಲುಗಳನ್ನು ಎಣಿಸಿ ಕೊಡುತ್ತಾರೆ. ಸಂಬಂಧ ಕೊಡುವುದೆಂದು ಕರೆಯುವ ಈ ವಿಧಿಯನ್ನು 1952ರಲ್ಲಿ ಪ್ರಕಟವಾದ ಎಂ.ಎನ್. ಶ್ರೀನಿವಾಸರ ಕೊಡವರನ್ನು ಕುರಿತ ಅಧ್ಯಯನವು ವಿದ್ವಲ್ಲೋಕಕ್ಕೆ ಪರಿಚಯಿಸಿತು. ಮಂತ್ರಕ್ಕಿಂತ ಕರಾರಿಗೆ, ಪುರೋಹಿತನಿಗಿಂತ ಸಾಕ್ಷಿಗೆ ಇಷ್ಟು ಸ್ಪಷ್ಟವಾಗಿ ಪ್ರಾಧಾನ್ಯ ಕೊಟ್ಟ ಪದ್ಧತಿ ನಾಡಿನಲ್ಲಿ ಬೇರೆ ಸಿಗುವುದು ಕಷ್ಟ.

ತುಳುನಾಡಿನಲ್ಲಿ ಅಳಿಯಕಟ್ಟು, ಅಂದರೆ ಸೋದರಳಿಯನಿಗೆ ಆಸ್ತಿ ಹೋಗುವ ಪದ್ಧತಿ ಅನುಸರಿಸುತ್ತಿದ್ದ ಸಮುದಾಯಗಳಲ್ಲಿ ವಧುವರರ ಜೋಡಿಸಿದ ಕೈಗಳ ಮೇಲೆ ಹಿರಿಯರು ನೀರೆರೆಯುವ ಧಾರೆಯೇ ಮದುವೆಯ ಜೀವಾಳವಾಗಿದ್ದು, ಊರಿನ ಅಥವಾ ಕೂಡುಕಟ್ಟಿನ, ಅಂದರೆ ಸಮುದಾಯದ ಕೂಟದ, ಮುಖಂಡನಾದ ಗುರಿಕಾರ ಮುಂದೆ ನಿಂತು ಅದನ್ನು ನಡೆಸುತ್ತಿದ್ದನು. ಜೈನರಲ್ಲಿ ಕರಾವಳಿಯ ಇಂದ್ರರೂ ಉತ್ತರದ ಉಪಾಧ್ಯೆಯರೂ ಬಸದಿಯ ಪೂಜೆಯ ಜೊತೆಗೆ ಮದುವೆಯನ್ನೂ ನಡೆಸುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ನಾಡಿನಲ್ಲಿ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಗರ್ಭದಿಂದ ನಿರ್ವಾಣದವರೆಗಿನ 53 ಕ್ರಿಯೆಗಳನ್ನು ವಿಧಿಸಿ, ಅವುಗಳಲ್ಲಿ ಮದುವೆಯನ್ನೂ ಸೇರಿಸಿದ್ದು ಈ ಸ್ವತಂತ್ರ ಪೌರೋಹಿತ್ಯಕ್ಕೆ ಗ್ರಂಥದ ಬುನಾದಿಯಾಯಿತು. ವೀರಶೈವ ಲಿಂಗಾಯತರ ಮದುವೆಯಲ್ಲಿ ಐದು ಕಲಶಗಳನ್ನಿಟ್ಟು ನೂಲು ಸುತ್ತಿ, ಬಾಳೆಹೊನ್ನೂರಿನ ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಎಂಬ ಐದು ಪೀಠಗಳ ಆಚಾರ್ಯರ ಸಾನ್ನಿಧ್ಯವನ್ನು ಭಾವಿಸುವ ಕ್ರಮ ಹರಡಿದ್ದು, ಊರಿನ ಮಠಕ್ಕೆ ಸೇರಿದ, ಮಠಪತಿಗಳೆನಿಸಿದ ಜಂಗಮ ಮನೆತನದವರು ಇದನ್ನು ನೆರವೇರಿಸುತ್ತಾರೆ. ಇಲ್ಲೊಂದು ಮಾತು ಹೇಳಲೇಬೇಕು: ಬ್ರಾಹ್ಮಣನನ್ನು ಕರೆಯದಿರುವುದರಿಂದ ಆಯ್ಕೆಯ ಸ್ವಾತಂತ್ರ್ಯ ಬಂದಂತಾಗಲಿಲ್ಲ. ಮಠಪತಿಯ ಕೆಲಸವೂ ಜೋಯಿಸನದರಂತೆ ವಂಶದಿಂದಲೇ ಬರುತ್ತಿತ್ತು, ಅವನಿಗೂ ಗೊತ್ತಾದ ಮನೆಗಳಿದ್ದವು, ಗೊತ್ತಾದ ಕಾಣಿಕೆಯಿತ್ತು. ಅರುವನನ್ನಾಗಲಿ ಗುರಿಕಾರನನ್ನಾಗಲಿ ಮದುವೆಯ ಮನೆಯವರು ಹುಡುಕಿ ತರುತ್ತಿರಲಿಲ್ಲ.

ತಮ್ಮ ಪುರೋಹಿತರನ್ನು ತಾವೇ ಇಟ್ಟುಕೊಳ್ಳುವ ಹಕ್ಕಿಗಾಗಿ ಬಹಳ ಹಿಂದೆಯೇ ಕೋರ್ಟಿನ ಮೆಟ್ಟಿಲು ಹತ್ತಿದವರು ವಿಶ್ವಕರ್ಮರು. ಬಡಗಿ, ಕಮ್ಮಾರ, ಕಂಚುಗಾರ, ಶಿಲ್ಪಿ, ಅಕ್ಕಸಾಲಿ ಎಂಬ ಐದು ಕಸುಬಿನ ಈ ಸಮುದಾಯವು ತಾವೂ ವೇದಾಧಿಕಾರಿಗಳೆಂದೂ ತಮ್ಮ ಮದುವೆಗಳನ್ನು ತಮ್ಮ ಆಚಾರ್ಯರೇ ವೇದೋಕ್ತವಾಗಿ ನಡೆಸಬೇಕೆಂದೂ ಹೇಳುತ್ತ ಬಂದಿತ್ತು. ಕೋಲಾರದ ನೆರೆಯ ಚಿತ್ತೂರಿನಲ್ಲಿ ಅಂಥದೊಂದು ಮದುವೆಗೆ ಪಂಚಾಂಗದವರು ಅಡ್ಡಿಪಡಿಸಿದ್ದು ಜಿಲ್ಲಾ ಅದಾಲತ್ತಿಗೆ ಹೋಗಿ, 1818ರಲ್ಲಿ ತೀರ್ಪು ವಿಶ್ವಕರ್ಮರ ಪರವಾಗಿ ಬಂತು. ಆ ತೀರ್ಪಿನ ಪಾಠವನ್ನು ತಲೆಮಾರುಗಳಿಂದ ಸಮುದಾಯದ ಪುಸ್ತಕಗಳಲ್ಲಿ ಮುದ್ರಿಸುತ್ತ ಬಂದಿರುವುದನ್ನು ನೋಡಿದರೆ, ಶಾಸನಗಳಿಗೆ ಸಮನಾದ ಬೆಲೆಯನ್ನು ಅದಕ್ಕೆ ಕೊಡಲಾಗಿದೆ ಎನ್ನಿಸುತ್ತದೆ.

ಬೇರೆ ಧರ್ಮಗಳ ಮದುವೆಗಳ ವಿಷಯದಲ್ಲಿ ವಸಾಹತು ಸರಕಾರ ತೋರಿದ ಧೋರಣೆ ಇಬ್ಬಗೆಯಾಗಿತ್ತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯು ಮದುವೆ ಮಾಡಿಸಲು ಅಧಿಕಾರವುಳ್ಳವರು ಯಾರೆಂಬುದನ್ನು ಪಟ್ಟಿಮಾಡಿತು. ಅಧಿಕಾರವಿಲ್ಲದೆ ಮಾಡಿಸಿದವರಿಗೆ ಹತ್ತು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯನ್ನೂ ವಿಧಿಸಿತು. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲೆರೆಯುವ ರೋಸ್ ಶಾಸ್ತ್ರವು ಮನೆಯ ಹಿರಿಯರ ಕೈಯಲ್ಲೇ ಉಳಿದಿದ್ದರೂ ಮದುವೆಯು ಮಾತ್ರ ಪಾದ್ರಿಯಿಲ್ಲದೆ ನಡೆಯುವಂತಿಲ್ಲ. ಮುಸ್ಲಿಮರ ನಿಕಾಹ್ ಇದಕ್ಕೆ ಪೂರ್ತಿ ಬೇರೆ. ಇಬ್ಬರು ಸಾಕ್ಷಿಗಳ ಮುಂದೆ ಒಂದು ಕಡೆಯವರು ಕೇಳಿ ಇನ್ನೊಂದು ಕಡೆಯವರು ಒಪ್ಪಿದರೆ ಸುನ್ನಿ ಪಂಥದ ಪ್ರಕಾರ ಕರಾರು ಪೂರ್ಣವಾಗುತ್ತದೆ, ಖಾಜಿ ಅದನ್ನು ಓದಿಸಿ ದಾಖಲಿಸುವವನಷ್ಟೆ. ಸರಕಾರವು 1864ರಲ್ಲಿ ಖಾಜಿಗಳ ನೇಮಕವನ್ನು ಕೈಬಿಟ್ಟು, ಅದರಿಂದ ತೊಡಕುಗಳಾದಾಗ 1880ರ ಖಾಜಿಗಳ ಕಾಯ್ದೆಯ ಮೂಲಕ ಮತ್ತೆ ಆರಂಭಿಸಿತು. ಆದರೆ ಯಾವ ಮದುವೆಗೂ ಖಾಜಿಯ ಹಾಜರಿ ಅಗತ್ಯವೆಂದಾಗಲಿ, ಬೇರೆಯವರು ಆ ಕೆಲಸ ಮಾಡಬಾರದೆಂದಾಗಲಿ ಈ ಕಾಯ್ದೆಯಿಂದ ಅರ್ಥೈಸಕೂಡದೆಂದು ಅದರಲ್ಲೇ ಬರೆದಿಟ್ಟಿತು. ಇಂಥದೊಂದು ವಾಕ್ಯವನ್ನು ಗ್ರಾಮಜೋಶಿಗಳ ವಿಷಯದಲ್ಲಿ ಬರೆಯಲು ಮುಂಬಯಿ ಪ್ರಾಂತದಲ್ಲಿ ಇನ್ನೂ ನಲವತ್ತಾರು ವರ್ಷ ಹಿಡಿಯಿತು.

ಮುಂಬಯಿ ಪ್ರಾಂತದ ಈ ಬದಲಾವಣೆಗೆ ಒತ್ತಡ ಮುಖ್ಯವಾಗಿ ಪುಣೆಯಿಂದ ಬಂದದ್ದು. ಜ್ಯೋತಿರಾವ್ ಫುಲೆ 1873ರಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದಾಗ ಅದರ ಮೊದಲ ಕಾರ್ಯಗಳಲ್ಲಿ ಬ್ರಾಹ್ಮಣ ಪುರೋಹಿತನಿಲ್ಲದ ಮದುವೆಗಳೂ ಸೇರಿದ್ದವು. ವಧುವರರೇ ಪರಸ್ಪರ ಹೇಳಿಕೊಳ್ಳಬೇಕಾದ ಪ್ರತಿಜ್ಞೆಗಳನ್ನು ಫುಲೆ ಮರಾಠಿಯಲ್ಲಿ ರಚಿಸಿದರು. ಜೋಶಿಗಳು ಇಂಥ ಮದುವೆಗಳ ವಿರುದ್ಧ ಹಾಕಿದ ದಾವೆಗಳಿಂದ ಹಕ್ಕಿನ ಪ್ರಶ್ನೆ ಹಳ್ಳಿಯ ಕಟ್ಟೆಯಿಂದ ರಾಜಕೀಯಕ್ಕೆ ಏರಿತು. ಕೊಲ್ಹಾಪುರದಲ್ಲಿ ರಾಜಮನೆತನಕ್ಕೇ ವೇದೋಕ್ತ ವಿಧಿಯನ್ನು ನಿರಾಕರಿಸಿದ್ದರಿಂದ ಶಾಹು ಮಹಾರಾಜರು ಬ್ರಾಹ್ಮಣೇತರ ಪುರೋಹಿತರನ್ನು ತಯಾರುಮಾಡುವ ಕೆಲಸಕ್ಕೆ ಕೈಹಾಕಿದರು. ಗಡಿಯಾಚೆಯ ಬೆಳಗಾವಿ ಸೀಮೆಗೂ ಆ ಗಾಳಿ ಬೀಸಿತು. ಕೊನೆಗೆ 1926ರಲ್ಲಿ ಮುಂಬಯಿ ಶಾಸನಸಭೆಯು ಹಿಂದೂ ವಿಧಿಗಳ ಸಂಭಾವನೆಯನ್ನು ಅಸಿಂಧುಗೊಳಿಸುವ ಕಾಯ್ದೆಯನ್ನು ಅಂಗೀಕರಿಸಿ, ಕರೆಯದೆ ಇದ್ದ ವಿಧಿಗೆ ವಂಶಪಾರಂಪರ್ಯದ ಪುರೋಹಿತನು ಹಣ ಕೇಳುವ ಹಕ್ಕನ್ನು ತೆಗೆದುಹಾಕಿತು. ಧಾರವಾಡದ ಹಳ್ಳಿಯ ಒಬ್ಬ ರೈತನು ತನ್ನ ಮಗಳ ಮದುವೆಗೆ ತನಗೆ ಬೇಕಾದವರನ್ನು ಕರೆಯಬಹುದು, ಬೇಡವೆಂದರೆ ಯಾರನ್ನೂ ಕರೆಯದಿರಬಹುದು, ಅದಕ್ಕೆ ಎರಡು ಕಡೆ ದಕ್ಷಿಣೆ ತೆರಬೇಕಾಗಿಲ್ಲ ಎಂಬುದು ಕಾನೂನಾಗಿ ಇನ್ನೂ ಸುಮಾರು ನೂರು ವರ್ಷಗಳಷ್ಟೇ ಆಗಿವೆ. ಮೈಸೂರು ಸೀಮೆಯಲ್ಲಿ ಇದೇ ಬದಲಾವಣೆ ಕಡಮೆ ಸದ್ದಿನಿಂದ ನಡೆಯಿತು. ಒಂಟಿಕೊಪ್ಪಲ್ ಪಂಚಾಂಗದಂಥ ಮುದ್ರಿತ ಪಂಚಾಂಗಗಳು ಮನೆಮನೆಯ ಮೊಳೆಗೆ ತೂಗಿದ ಮೇಲೆ ದಿನ ನೋಡುವುದಕ್ಕಾಗಿ ಜೋಯಿಸನ ಮನೆಗೆ ಹೋಗುವ ಅನಿವಾರ್ಯತೆ ತಗ್ಗಿತು, ಬೆಂಗಳೂರು ಮೈಸೂರುಗಳಿಗೆ ಬಂದು ನೆಲೆಸಿದವರಿಗೆ ಊರ ಪುರೋಹಿತನೆಂಬುವನೇ ಇಲ್ಲವಾದನು.

ಪುರೋಹಿತನನ್ನು ಬದಲಿಸುವುದರಿಂದ ಮುಂದೆ ಹೋಗಿ ಅವನ ಸ್ಥಾನವನ್ನೇ ಖಾಲಿ ಬಿಟ್ಟ ಪ್ರಯೋಗ ಕುವೆಂಪು ಅವರ ಮಂತ್ರಮಾಂಗಲ್ಯ. ವೇದೋಪನಿಷತ್ತುಗಳಿಂದ ಆಯ್ದ ಮಂತ್ರಗಳನ್ನು ಕನ್ನಡದ ಅರ್ಥದೊಡನೆ ಓದಿಸಿ, ಗಂಡುಹೆಣ್ಣುಗಳು ಸಮಾನರೆಂಬ ಪ್ರತಿಜ್ಞೆಯನ್ನು ಹೇಳಿಸುವ ಈ ಸರಳ ಕ್ರಮದಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ನಡೆಯಿತು. ಓದುವವರು ಸ್ನೇಹಿತರಾಗಬಹುದು, ಮೇಷ್ಟ್ರಾಗಬಹುದು, ಹೆಂಗಸಾಗಬಹುದು. ಜಾತಿಯ ಮಾತಂತೂ ಇಲ್ಲ. ಮಂತ್ರಗಳನ್ನು ಬಿಡದೆ ಅವುಗಳ ಒಡೆತನವನ್ನು ಮಾತ್ರ ಬಿಡಿಸಿಕೊಂಡದ್ದು ಇದರ ಜಾಣ್ಮೆ. ಈ ದೃಷ್ಟಿಯಿಂದ ಇದು ಮಂತ್ರವನ್ನೂ ತೊರೆದ ತಮಿಳುನಾಡಿನ ಸ್ವಾಭಿಮಾನ ವಿವಾಹಕ್ಕಿಂತ ಭಿನ್ನವಾದದ್ದು; ಲಿಂಗಾಯತ ಮಠಗಳಲ್ಲಿ ವಚನಗಳನ್ನು ಓದಿ ನಡೆಸುವ ಕಲ್ಯಾಣ ಮಹೋತ್ಸವಗಳು ಇದಕ್ಕೆ ಹತ್ತಿರದವು. ಕಾನೂನಿನ ಆಸರೆ ಮಾತ್ರ ತಮಿಳುನಾಡಿನಲ್ಲೇ ಗಟ್ಟಿಯಾಗಿದೆ: ಅಲ್ಲಿ 1967ರ ತಿದ್ದುಪಡಿಯು ಹಿಂದೂ ವಿವಾಹ ಕಾಯ್ದೆಗೆ 7ಎ ಎಂಬ ಕಲಮನ್ನು ಸೇರಿಸಿ, ಪುರೋಹಿತನಿಲ್ಲದೆ ಹಾರ, ಉಂಗುರ ಅಥವಾ ತಾಳಿಯಿಂದ ನಡೆದ ಮದುವೆಯನ್ನು ಮಾನ್ಯಮಾಡಿತು. ಕರ್ನಾಟಕದಲ್ಲಿ ಅಂಥ ಕಲಮು ಇಲ್ಲವಾದ್ದರಿಂದ, ಸಂದೇಹಕ್ಕೆ ಎಡೆ ಬೇಡವೆನ್ನುವ ದಂಪತಿಗಳಿಗೆ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ವಿವಾಹಾಧಿಕಾರಿಯ ಮುಂದೆ ಮೂವರು ಸಾಕ್ಷಿಗಳೊಡನೆ ಸಹಿಹಾಕುವ ದಾರಿ ಉಳಿದಿದೆ.

1955ರ ಹಿಂದೂ ವಿವಾಹ ಕಾಯ್ದೆಯ ಏಳನೆಯ ಕಲಮು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಿಂದ ಮದುವೆ ನಡೆಯಬಹುದೆಂದೂ ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆಂದೂ ಹೇಳುತ್ತದೆಯೇ ಹೊರತು, ನಡೆಸಿಕೊಡುವವರು ಯಾರಿರಬೇಕೆಂಬ ಗೋಜಿಗೆ ಹೋಗುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಉದಾರತೆ ದಕ್ಕುವುದಿಲ್ಲ. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಮದುವೆ ಮಾಡಿಸಿದವರು ಪರವಾನಗಿ ಪತ್ರಕ್ಕೆ ಸಹಿಹಾಕಿ ಮರಳಿಸಬೇಕಾದ್ದರಿಂದ, ಮಂತ್ರ ಬಲ್ಲವರಾಗಿದ್ದರೆ ಸಾಲದು, ಸಹಿಯ ಅಧಿಕಾರವೂ ಇದೆಯೇ ಎಂದು ವಿಚಾರಿಸಿಯೇ ದೇವಸ್ಥಾನದ ಅರ್ಚಕರನ್ನು ಕರೆಯಬೇಕಾಗುತ್ತದೆ.

ಭಾರತದ ಕಾನೂನು ಹಿಂದೂ ಪುರೋಹಿತನನ್ನು ಗುರುತಿಸುವುದು ಬೇರೊಂದು ಬಾಗಿಲಿನಿಂದ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ 1894ರ ಮೈಸೂರು ಶಾಸನವು ತಿಳಿದೂ ನೆರವಾದವರನ್ನು ಶಿಕ್ಷೆಗೆ ಒಳಪಡಿಸಿತ್ತು. 1929ರ ಶಾರದಾ ಕಾಯ್ದೆಯು ಬಾಲ್ಯವಿವಾಹವನ್ನು ಮಾಡಿಸಿದವರಿಗೆ, ನಡೆಸಿದವರಿಗೆ, ನಿರ್ದೇಶಿಸಿದವರಿಗೆ ಒಂದು ತಿಂಗಳವರೆಗಿನ ಸಜೆಯನ್ನು ಇಟ್ಟಿತು. 2006ರ ಕಾಯ್ದೆಯು ಅದನ್ನು ಎರಡು ವರ್ಷಗಳವರೆಗಿನ ಕಠಿಣ ಸಜೆಗೂ ಒಂದು ಲಕ್ಷ ರೂಪಾಯಿಯವರೆಗಿನ ದಂಡಕ್ಕೂ ಏರಿಸಿತು. ಮದುವೆಯ ಹೆಣ್ಣಿನ ವಯಸ್ಸಿನ ದಾಖಲೆಯನ್ನು ಮೊದಲು ನೋಡಿಕೊಳ್ಳಬೇಕಾದ ಹೊಣೆ ಹೀಗೆ ಜಾತಕ ನೋಡುವವರ ಮೇಲೆಯೇ ಬಿದ್ದಿದೆ. ಎರಡನೆಯ ಬಾಗಿಲು ಸಾಕ್ಷಿಕಟ್ಟೆಯದು. ದ್ವಿಪತ್ನಿತ್ವದ ಅಪರಾಧ ಸಾಬೀತಾಗಬೇಕಾದರೆ ಎರಡನೆಯ ಮದುವೆಯೂ ಅಗತ್ಯ ವಿಧಿಗಳೊಡನೆ ನಡೆದಿರಬೇಕೆಂದು ಸುಪ್ರೀಂ ಕೋರ್ಟು 1965ರ ಭಾವುರಾವ್ ಲೋಖಂಡೆ ಮೊಕದ್ದಮೆಯಲ್ಲಿ ಹೇಳಿದಂದಿನಿಂದ, ಹೋಮವಾಯಿತೇ, ಸಪ್ತಪದಿ ತುಳಿದರೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಲು ಪುರೋಹಿತರು ಕೋರ್ಟಿಗೆ ಬರಬೇಕಾದ ಸಂದರ್ಭಗಳು ಒದಗಿವೆ. ವಿಧಿಗಳು ನಡೆಯದೆ ಬರಿಯ ನೋಂದಣಿಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲವೆಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು 2024ರಲ್ಲಿ ಹೇಳಿದ ಮೇಲೆ ಆ ಸಾಕ್ಷ್ಯದ ತೂಕ ಇನ್ನಷ್ಟು ಹೆಚ್ಚಿದೆ. ಪೌರೋಹಿತ್ಯ ಮುಗಿಸಿ ದಕ್ಷಿಣೆ ಪಡೆದು ಹೋಗುವ ಮುನ್ನ ಪುರೋಹಿತರು ತಮ್ಮ ಹೆಸರು, ವಿಳಾಸ, ಮುಹೂರ್ತಗಳನ್ನು ಬರೆದು ಸಹಿಹಾಕಿದ ಒಂದು ಪತ್ರವನ್ನು ಮನೆಯವರ ಕೈಗೆ ಕೊಡುವುದು ಈಗ ಹಲವೆಡೆ ಮದುವೆಯ ಕಾರ್ಯಗಳಲ್ಲಿ ಸೇರಿಹೋಗಿದೆ.